ದುಭಾಷಿಗೆ ವಿದಾಯ



ಸೇವೆಯಲ್ಲಿದ್ದಾಗ ಪ್ರಾಚೀನ ಈಜಿಪ್ಟಿನ ಪಾಠ ಬಂದಾಗಲೆಲ್ಲ ನಾನು ರೊಸೆಟ್ಟಾ ಶಿಲೆಯ ಕಥೆಯನ್ನು ತಪ್ಪದೆ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 1799ರಲ್ಲಿ ನೆಪೋಲಿಯನ್ನನ ಸೈನಿಕರಿಗೆ ಈಜಿಪ್ಟಿನ ರಶೀದ್ ಊರಿನ ಬಳಿ ದೊರೆತ ಆ ಕಲ್ಲಿನ ಮೇಲೆ ಒಂದೇ ಶಾಸನವನ್ನು ಚಿತ್ರಲಿಪಿ, ಡೆಮೋಟಿಕ್ ಮತ್ತು ಗ್ರೀಕ್ ಲಿಪಿಗಳಲ್ಲಿ ಕೆತ್ತಲಾಗಿತ್ತು. ಗ್ರೀಕ್ ಪಾಠವನ್ನು ಆಸರೆಯಾಗಿ ಹಿಡಿದು ಫ್ರಾನ್ಸಿನ ಶಾಂಪೋಲಿಯನ್ 1822ರಲ್ಲಿ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದನು. ಅದೇ ರೊಸೆಟ್ಟಾ ನಿವೃತ್ತಿಯ ನಂತರ ನನ್ನ ಮೇಜಿನ ಮೇಲಿನ ಗಣಕಯಂತ್ರದಲ್ಲಿ ಎದುರಾದೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಶಾಲೆಯ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ, ಫೋಟೋಶಾಪ್‌ನಲ್ಲಿ ತಿದ್ದಿ ಉಳಿಸುವ ಕೆಲಸವನ್ನು ಕೆಲವು ತಿಂಗಳಿಂದ ಕೈಗೆತ್ತಿಕೊಂಡಿದ್ದೇನೆ. ಮಗ ಕೊಡಿಸಿದ ಆಪಲ್ ಎಂ1 ಯಂತ್ರ ಮಿಕ್ಕೆಲ್ಲ ಕೆಲಸಗಳಲ್ಲಿ ಚುರುಕಾಗಿದ್ದರೂ ಫೋಟೋಶಾಪ್ ಮಾತ್ರ ತೆವಳುತ್ತಿತ್ತು. ಮನೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ ಅದನ್ನು ನೋಡಿ ನಕ್ಕು, “ಸರ್, ನೀವು ಇನ್ನೂ ದುಭಾಷಿಯನ್ನು ಇಟ್ಟುಕೊಂಡೇ ಮಾತನಾಡುತ್ತಿದ್ದೀರಿ” ಎಂದ. ಆ ಮಾತಿನ ಹಿಂದೆ ಒಂದು ಇತಿಹಾಸವೇ ಇದೆ.

ಗಣಕದ ಪ್ರೊಸೆಸರ್‌ಗೆ ತನ್ನದೇ ಆದ ಆಜ್ಞಾಭಾಷೆಯೊಂದಿರುತ್ತದೆ. ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಅಮೆರಿಕದ ಸಹೋದರರು ರಚಿಸಿದ ಫೋಟೋಶಾಪ್ ಅನ್ನು ಅಡೋಬಿ ಸಂಸ್ಥೆ 1990ರ ಫೆಬ್ರುವರಿಯಲ್ಲಿ ಮೆಕಿಂಟಾಷ್‌ಗಾಗಿ ಹೊರತಂದಾಗ, ಆ ಯಂತ್ರಗಳು ಮೊಟೊರೊಲಾ 68000 ವಂಶದ ಭಾಷೆಯನ್ನು ಬಲ್ಲವಾಗಿದ್ದವು. ಅಲ್ಲಿಂದೀಚೆಗೆ ಮೆಕಿಂಟಾಷ್ ಮೂರು ಬಾರಿ ಭಾಷೆ ಬದಲಿಸಿದೆ: 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರಲ್ಲಿ ಆಪಲ್‌ನ ಸ್ವಂತ ಚಿಪ್. ಪ್ರತಿ ಬಾರಿಯೂ ಹಳೆಯ ತಂತ್ರಾಂಶಗಳು ಹೊಸ ಯಂತ್ರದಲ್ಲಿ ನಡೆಯಲೆಂದು ನಡುವೆ ಒಬ್ಬ ದುಭಾಷಿಯನ್ನು ಇರಿಸಲಾಯಿತು. 2006ರ ದುಭಾಷಿಗೆ ಇಟ್ಟ ಹೆಸರೇ ರೊಸೆಟ್ಟಾ. 2020ರದು ರೊಸೆಟ್ಟಾ 2.

ದುಭಾಷಿಯ ಮೂಲಕ ಆಡುವ ಮಾತು ನಿಧಾನವಾಗುವುದು ಸಹಜ. ಫೋಟೋಶಾಪ್ ಸಿಎಸ್2 ಇಂಟೆಲ್ ಯಂತ್ರಗಳಲ್ಲಿ ರೊಸೆಟ್ಟಾದ ಕೈಹಿಡಿದೇ ನಡೆಯಬೇಕಾಗಿತ್ತು. 2007ರಲ್ಲಿ ಸಿಎಸ್3 ಬಂದ ಮೇಲೆ ನೇರ ಮಾತು ಸಾಧ್ಯವಾಯಿತು. ಎಂ1 ಯಂತ್ರಗಳ ಭಾಷೆಯನ್ನೇ ಆಡುವ ಫೋಟೋಶಾಪ್ 2021ರ ಮಾರ್ಚ್‌ನಲ್ಲಿ ಹೊರಬಂದಿತು. ಆದರೂ ನನ್ನ ಯಂತ್ರದಲ್ಲಿ ದುಭಾಷಿ ಏಕೆ ಉಳಿದಿದ್ದ? ತಪ್ಪು ನನ್ನದೇ. ಸ್ಕ್ಯಾನರ್ ಜೋಡಿಸಿದ ದಿನ ಯಾರೋ ಹೇಳಿದರೆಂದು ನಾನೇ ಒಂದು ಗುರುತು ಹಾಕಿ, ಆಮೇಲೆ ಮರೆತಿದ್ದೆ.

ಶಿಷ್ಯ ತೋರಿಸಿದ ವಿಧಾನ ಸುಲಭ. ಮೊದಲು ಫೋಟೋಶಾಪ್ ಅನ್ನು ಪೂರ್ತಿಯಾಗಿ ಮುಚ್ಚಬೇಕು. ಅಪ್ಲಿಕೇಷನ್ಸ್ ಕಡತಕೋಶದಲ್ಲಿ ಅದರ ಚಿಹ್ನೆಯನ್ನು ಆರಿಸಿ, ಕಮಾಂಡ್ ಮತ್ತು ಐ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾಹಿತಿಯ ಕಿಟಕಿ ತೆರೆಯುತ್ತದೆ. ಅಲ್ಲಿ ‘ಓಪನ್ ಯೂಸಿಂಗ್ ರೊಸೆಟ್ಟಾ’ ಎಂಬುದರ ಮುಂದಿರುವ ಗುರುತನ್ನು ತೆಗೆದು, ತಂತ್ರಾಂಶವನ್ನು ಮತ್ತೆ ತೆರೆದರೆ ಸಾಕು. ಹಾಗೆ ಮಾಡಿದೊಡನೆ ತೆವಳುತ್ತಿದ್ದುದು ಓಡತೊಡಗಿತು.

ಆದರೆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಸ್ಕ್ಯಾನ್ ಮಾಡಲು ಕುಳಿತಾಗ ಪಟ್ಟಿಯಲ್ಲಿ ಸ್ಕ್ಯಾನರಿನ ಹೆಸರೇ ಇರಲಿಲ್ಲ! ಅದರ ಪ್ಲಗ್-ಇನ್ ಇಂಟೆಲ್ ಭಾಷೆಯದು. ದುಭಾಷಿ ಹೊರಟಾಗ ಅದರ ಮಾತೂ ನಿಂತಿತು. ನೇರವಾಗಿ ನಡೆಯುವ ತಂತ್ರಾಂಶದೊಳಗೆ ಹಳೆಯ ಭಾಷೆಯ ಪ್ಲಗ್-ಇನ್ ಕೆಲಸ ಮಾಡದು ಎಂಬುದು ಆಗ ತಿಳಿಯಿತು. ಗುರುತನ್ನು ಮತ್ತೆ ಹಾಕಿದಾಗ ಸ್ಕ್ಯಾನರಿನ ಹೆಸರು ಮರಳಿ ಬಂತು.

ಹಾಗಾದರೆ ದುಭಾಷಿಯನ್ನು ಹಾಗೆಯೇ ಇಟ್ಟುಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಇತಿಹಾಸ ಅದಕ್ಕೂ ಉತ್ತರ ಹೇಳಿದೆ. 2011ರ ಜುಲೈನಲ್ಲಿ ‘ಲಯನ್’ ಎಂಬ ಆವೃತ್ತಿ ಬಂದಾಗ ಮೊದಲ ರೊಸೆಟ್ಟಾವನ್ನು ಆಪಲ್ ಕೈಬಿಟ್ಟಿತು. ಅದನ್ನು ಅಳವಡಿಸಿಕೊಂಡವರ ಯಂತ್ರಗಳಲ್ಲಿ ಪವರ್‌ಪಿಸಿ ಭಾಷೆಯ ತಂತ್ರಾಂಶಗಳೆಲ್ಲ ಮೂಕವಾದವು. 2025ರ ಜೂನ್‌ನಲ್ಲಿ ಆಪಲ್ ಪ್ರಕಟಿಸಿರುವಂತೆ, ರೊಸೆಟ್ಟಾ 2 ಸಹ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಸಾಮಾನ್ಯ ಬಳಕೆಗೆ ಲಭ್ಯ. ಆಮೇಲೆ ಅದರ ಒಂದು ಭಾಗವಷ್ಟೇ, ಅದೂ ಕೆಲವು ಹಳೆಯ ಆಟಗಳಿಗಾಗಿ, ಉಳಿಯುತ್ತದೆ.

ಆದ್ದರಿಂದ ನಾನೊಂದು ಕ್ರಮ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಗುರುತು ಹಾಕಿ ಸ್ಕ್ಯಾನ್ ಮಾಡುತ್ತೇನೆ; ಮಧ್ಯಾಹ್ನ ಗುರುತು ತೆಗೆದು ಚಿತ್ರಗಳನ್ನು ತಿದ್ದುತ್ತೇನೆ. ಪ್ರತಿ ಚಿತ್ರವನ್ನೂ ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಟಿಫ್ ರೂಪದಲ್ಲಿಯೂ ಉಳಿಸುತ್ತೇನೆ. ಕೊನೆಯ ನೆಗೆಟಿವ್ ಮುಗಿದ ದಿನ ಗುರುತನ್ನು ಶಾಶ್ವತವಾಗಿ ತೆಗೆಯುವವನಿದ್ದೇನೆ. ಇನ್ನೂ ನಲವತ್ತು ಪಟ್ಟಿಗಳಿವೆ.

ಕಳೆದ ವಾರ 1991ರ ಹತ್ತನೆಯ ತರಗತಿಯ ಬೀಳ್ಕೊಡುಗೆಯ ಚಿತ್ರ ಹೊರಬಂತು. ನಡುವೆ ಕುಳಿತಿರುವವರು ಈಗ ನಮ್ಮೊಡನಿಲ್ಲದ ಮುಖ್ಯೋಪಾಧ್ಯಾಯರು. ಅವರು ನಗುತ್ತಿರುವ ಬೇರೊಂದು ಚಿತ್ರವನ್ನು ನಾನು ಕಂಡಿಲ್ಲ. ಮುಖಗಳು ಸ್ಪಷ್ಟವಾಗಿವೆ, ಆದರೆ ಹಿಂದಿನ ಸಾಲಿನ ಐವರ ಹೆಸರು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಹೆಸರಿಲ್ಲದ ಚಿತ್ರವೂ ಓದಲಾಗದ ಶಾಸನದಂತೆಯೇ ಅಲ್ಲವೇ? ಈ ಕೆಲಸವನ್ನು ಯಾವ ರೊಸೆಟ್ಟಾವೂ ಮಾಡಿಕೊಡದು. ಆ ವರ್ಷ ನನ್ನ ತರಗತಿಯಲ್ಲಿದ್ದವರು ದಯವಿಟ್ಟು ಒಮ್ಮೆ ಮನೆಗೆ ಬನ್ನಿ. ಚಿತ್ರ ನೋಡಿ, ಹೆಸರು ಹೇಳಿ, ಕಾಫಿ ಕುಡಿದು ಹೋಗಿ.