ಕಾಕಂಬಿಯ ಲಾಭ, ಕಬ್ಬಿನ ಬಾಕಿ

ಸರ್ಕಾರಕ್ಕೇಕೆ ವ್ಯಾಪಾರ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಮೈಸೂರು ಸಂಸ್ಥಾನದ ಆಡಳಿತಗಾರರಿಗೆ ಈ ಮುಜುಗರ ಇದ್ದಂತೆ ಕಾಣುವುದಿಲ್ಲ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಮಾರಿದ ಸರ್ಕಾರ ಅದು.

ಆಮೇಲೆ ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯದ ಕಡೆಗೆ ಹರಿಯಿತು. ನೀರೇನೋ ಬಂತು, ಬೆಳೆದದ್ದನ್ನು ಕೊಳ್ಳುವವರು ಯಾರು? ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬಿನ ಪರವಾಗಿ ದುಡಿದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಜನ ಅದನ್ನು ಮೈಷುಗರ್ ಎಂದರು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಜಿಲ್ಲೆಗಿಂತ ಕಾರ್ಖಾನೆಯೇ ಹಿರಿಯದು!

100 ಕೆ.ಜಿ. ಕಬ್ಬು ಅರೆದರೆ ಸಕ್ಕರೆ ಸಿಗುವುದು 10 ಕೆ.ಜಿ. ಆಸುಪಾಸು. ಸಿಪ್ಪೆ ಸುಮಾರು 30 ಕೆ.ಜಿ., ಕಾಕಂಬಿ ನಾಲ್ಕೈದು ಕೆ.ಜಿ. ಉಳಿಯುತ್ತದೆ. ಹೊಸ ವ್ಯಾಪಾರಗಳೆಲ್ಲ ಹುಟ್ಟಿದ್ದು ಈ ಉಳಿಕೆಯಿಂದ. ಕಾಕಂಬಿಯಿಂದ ಮದ್ಯಸಾರ ತೆಗೆಯಲು ಮೈಷುಗರ್‌ನಲ್ಲೇ ಡಿಸ್ಟಿಲರಿ ಬಂತು. ಮಂಡ್ಯದಲ್ಲೇ ಸರ್ಕಾರದ ಅಸಿಟೇಟ್ ಕಾರ್ಖಾನೆ ತಲೆಯೆತ್ತಿತು. ಬೆಳಗೊಳದ ಕಾಗದದ ಕಾರ್ಖಾನೆ ಸಿಪ್ಪೆಯನ್ನು ನೆಚ್ಚಿ ನಿಂತಿತು. ಕೊನೆಗೆ ಸಿಪ್ಪೆ ಉರಿಸಿ ಕರೆಂಟು ತೆಗೆಯುವ ಘಟಕವೂ ಬಂತು. ಅಸಿಟೇಟ್ ಮತ್ತು ಕಾಗದದ ಕಾರ್ಖಾನೆಗಳು ಮುಚ್ಚಿಹೋಗಿವೆ. ಕರೆಂಟಿನ ಘಟಕಕ್ಕಾದರೂ ಅಷ್ಟೇ, ಗಾಣ ನಿಂತರೆ ಸಿಪ್ಪೆ ಎಲ್ಲಿಂದ ಬರಬೇಕು?

ಗಾಣ ನಿಂತದ್ದೂ ಉಂಟು. ಯಂತ್ರ ಹಳತಾಯಿತು, ಸಾಲ ಬೆಳೆಯಿತು. ರೈತರು ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯ ಖಾಸಗಿ ಕಾರ್ಖಾನೆಗಳಿಗೆ ಕಬ್ಬು ಸಾಗಿಸಿದರು, ಅದೂ ಆಗದವರು ಆಲೆಮನೆಗೆ ಹಾಕಿದರು. ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೆ ನೀರು ತಲುಪುವುದೇ ತಡ. ಅಂಥಲ್ಲಿ ಬೆಳೆದ ಕಬ್ಬು ಗದ್ದೆಯಲ್ಲೇ ಒಣಗಿದರೆ ಗತಿಯೇನು? 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳ ಸುದ್ದಿ ನಾವೆಲ್ಲ ಓದಿದ್ದೇವೆ.

ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಓದಲು ಬಹಳ ಚೆನ್ನಾಗಿದೆ. 2012ರಲ್ಲಿ ರಂಗರಾಜನ್ ಸಮಿತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಕ್ಕರೆಯ ಜೊತೆಗೆ ಸಿಪ್ಪೆ, ಕಾಕಂಬಿ, ಮಡ್ಡಿಯ ಆದಾಯವನ್ನೂ ಲೆಕ್ಕಕ್ಕೆ ಹಿಡಿದು ಅದರಲ್ಲಿ ಶೇ. 70 ಬೆಳೆಗಾರನಿಗೆ ಸಲ್ಲಬೇಕೆಂದಿತು. ನಮಗೆ ಮುಖ್ಯವಾಗಿ ಕಾಣುವುದು ಇದೇ. ಸಿಪ್ಪೆಯೂ ಕಾಕಂಬಿಯೂ ರೈತನ ಕಬ್ಬಿನವೇ ಅಲ್ಲವೇ? ಕಾಕಂಬಿಯಿಂದ ಮದ್ಯ ತೆಗೆದರೆ ಅಬಕಾರಿ ಸುಂಕ ಖಜಾನೆಗೆ ತಪ್ಪದೆ ಸಲ್ಲುತ್ತದೆ, ಬಾಕಿ ಉಳಿಯುವುದು ಮಾತ್ರ ಕಬ್ಬಿನ ಬಿಲ್ಲು.

ಮೈಷುಗರ್ ಅನ್ನು ಖಾಸಗಿಗೆ ಕೊಡುವ ಮಾತು ಬಂದಾಗ ರೈತರು ಬೀದಿಗಿಳಿದರು. ಸರ್ಕಾರ ತಾನೇ ನಡೆಸಲು ಒಪ್ಪಿ, 2022ರಲ್ಲಿ ಕಬ್ಬು ನುರಿಸುವಿಕೆ ಮತ್ತೆ ಶುರುವಾಯಿತು. ಆ ಬೀದಿಯಲ್ಲಿ ಕುಳಿತವರು ಎಥೆನಾಲ್ ಬೇಡವೆಂದಿರಲಿಲ್ಲ, ಕರೆಂಟು ಬೇಡವೆಂದಿರಲಿಲ್ಲ. ಮೊದಲು ಗಾಣ ತಿರುಗಲಿ ಎಂದಿದ್ದರು.