ವ್ಯವಹಾರ ಗಣಿತದಿಂದ ವ್ಯವಹಾರ ನಿರ್ವಹಣೆಯವರೆಗೆ

ಕರ್ಮಭೂಮಿಯ ಆರಂಭದಲ್ಲಿ ಆದಿ ತೀರ್ಥಂಕರ ವೃಷಭನಾಥರು ಪ್ರಜೆಗಳ ಜೀವನೋಪಾಯಕ್ಕಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣವು ತಿಳಿಸುತ್ತದೆ. ಇವುಗಳಲ್ಲಿ ಮಸಿ ಎಂದರೆ ಬರವಣಿಗೆ ಮತ್ತು ಲೆಕ್ಕಪತ್ರ. ವಾಣಿಜ್ಯ ಎಂದರೆ ಕೊಡುಕೊಳ್ಳುವಿಕೆ. ಶ್ರಾವಕನಿಗೆ ವ್ಯಾಪಾರವು ನಿಷಿದ್ಧವಲ್ಲ, ಅದು ಧರ್ಮವು ಒಪ್ಪಿದ ವೃತ್ತಿ ಎಂಬುದಕ್ಕೆ ಇಷ್ಟೇ ಸಾಕು. ಆದರೆ ವೃತ್ತಿಯೊಂದನ್ನು ಒಪ್ಪಿದ ಮೇಲೆ ಅದನ್ನು ಕಲಿಯುವ ಬಗೆ ಯಾವುದು, ವ್ಯಾಪಾರಕ್ಕಿಳಿಯುವ ಯುವಕನು ಏನೇನನ್ನು ಅವಶ್ಯವಾಗಿ ಅಭ್ಯಾಸ ಮಾಡಿರಬೇಕು ಎಂಬ ಪ್ರಶ್ನೆ ಏಳುತ್ತದೆ. ಇಂದು ಈ ಪ್ರಶ್ನೆಗೆ ವಿಶ್ವವಿದ್ಯಾಲಯಗಳು ವ್ಯವಹಾರ ನಿರ್ವಹಣೆಯ ಸ್ನಾತಕ ಪದವಿಯ ಪಠ್ಯಕ್ರಮದ ಮೂಲಕ ಉತ್ತರ ಕೊಡುತ್ತಿವೆ. ಇದೇ ಪ್ರಶ್ನೆಗೆ ಕನ್ನಡ ನಾಡಿನ ಜೈನ ವಿದ್ವಾಂಸರು ಸಾವಿರ ವರ್ಷಗಳಿಗೂ ಹಿಂದೆಯೇ ಉತ್ತರ ಬರೆದಿದ್ದರು. ಎರಡು ಉತ್ತರಗಳನ್ನೂ ಒಟ್ಟಿಗೆ ಇರಿಸಿ ನೋಡುವುದು ಮಕ್ಕಳನ್ನು ಈ ಪದವಿಗೆ ಕಳುಹಿಸುವ ಕುಟುಂಬಗಳಿಗೂ, ಅವರಿಗೆ ವಿದ್ಯಾರ್ಥಿವೇತನ ನೀಡುವ ಬಸದಿ ಟ್ರಸ್ಟುಗಳಿಗೂ ಪ್ರಯೋಜನಕರ.

ಗಣಿತಸಾರಸಂಗ್ರಹದ ಪಾಠಕ್ರಮ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಅದಕ್ಕೆ ಮುಂಚಿನ ಪ್ರಸಿದ್ಧ ಗಣಿತಜ್ಞರು ಬಹುಮಟ್ಟಿಗೆ ಜ್ಯೋತಿಷದ ಅಂಗವಾಗಿ ಗಣಿತವನ್ನು ಹೇಳಿದರೆ, ಮಹಾವೀರಾಚಾರ್ಯರು ಗಣಿತವನ್ನೇ ಸ್ವತಂತ್ರ ಶಾಸ್ತ್ರವಾಗಿ ನಿರೂಪಿಸಿದರು. ಒಂಬತ್ತು ಅಧ್ಯಾಯಗಳ ಈ ಗ್ರಂಥವನ್ನು ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು.

ಗ್ರಂಥದ ಅಧ್ಯಾಯಕ್ರಮವು ವರ್ತಕನ ಶಿಕ್ಷಣಕ್ರಮದಂತೆಯೇ ಇದೆ. ಮೊದಲಿಗೆ ಜಿನವಂದನೆ. ಅನಂತರ ಪರಿಭಾಷೆ: ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿ, ಲೋಹಗಳ ಅಳತೆ ತೂಕಗಳು. ಆಮೇಲೆ ಪರಿಕರ್ಮಗಳು, ಭಿನ್ನರಾಶಿಗಳು, ತ್ರೈರಾಶಿಕ. ಆರನೆಯದಾದ ಮಿಶ್ರಕ ವ್ಯವಹಾರದಲ್ಲಿ ಅಸಲು ಬಡ್ಡಿಗಳು ಒಂದಾಗಿ ಬಂದ ಮೊತ್ತವನ್ನು ಬೇರ್ಪಡಿಸುವ ಕ್ರಮ, ಬೇರೆ ಬೇರೆ ಬಣ್ಣದ ಚಿನ್ನವನ್ನು ಕರಗಿಸಿ ಕೂಡಿಸಿದಾಗ ಬರುವ ಗುಣದ ಲೆಕ್ಕ, ಪಾಲುಗಾರರಿಗೆ ಅವರವರ ಬಂಡವಾಳಕ್ಕೆ ತಕ್ಕಂತೆ ಲಾಭ ಹಂಚುವ ಪ್ರಕ್ಷೇಪಕ ವಿಧಾನ ಇವೆಲ್ಲ ಬರುತ್ತವೆ. ಮೂವರು ಪಾಲುಗಾರರು 2,000, 3,000 ಮತ್ತು 5,000 ರೂಪಾಯಿ ಹಾಕಿ 1,500 ರೂಪಾಯಿ ಲಾಭ ಗಳಿಸಿದರೆ ಅವರಿಗೆ 300, 450, 750 ರೂಪಾಯಿ ಸಲ್ಲಬೇಕೆಂಬ ಲೆಕ್ಕವು ಈ ವಿಧಾನದ್ದೇ. ಪಾಲುದಾರಿಕೆ ಸಂಸ್ಥೆಗಳ ಲೆಕ್ಕಶಾಸ್ತ್ರವೆಂಬ ಹೆಸರಿನಲ್ಲಿ ಅದನ್ನು ಇಂದಿನ ವಿದ್ಯಾರ್ಥಿಯೂ ಕಲಿಯುತ್ತಾನೆ. ಯುರೋಪಿನ ವರ್ತಕರಿಗೆ ಹೊಸ ಅಂಕಿಗಳನ್ನೂ ವ್ಯಾಪಾರದ ಲೆಕ್ಕವನ್ನೂ ಕಲಿಸಿದ ಫಿಬೊನಾಚ್ಚಿಯ ಗ್ರಂಥ 1202ರದು; ಜೋಡಿ ನಮೂದು ಪದ್ಧತಿಯನ್ನು ವಿವರಿಸಿದ ಪಚೋಲಿಯ ಗ್ರಂಥ ಮುದ್ರಣಗೊಂಡದ್ದು 1494ರಲ್ಲಿ. ಮಹಾವೀರಾಚಾರ್ಯರ ಹಿರಿಮೆಯನ್ನು ಅರಿಯಲು ಈ ಕಾಲಗಣನೆ ನೆರವಾಗುತ್ತದೆ.

ಸಂಸ್ಕೃತ ಬಲ್ಲವರಿಗೆ ಮಾತ್ರ ದಕ್ಕುತ್ತಿದ್ದ ಈ ವಿದ್ಯೆಯನ್ನು 12ನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ಕನ್ನಡಕ್ಕೆ ಇಳಿಸಿದನು. ಅವನ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳು ಕನ್ನಡದ ಗಣಿತ ಸಾಹಿತ್ಯಕ್ಕೆ ತಳಹದಿ. ತಾಯ್ನುಡಿಯಲ್ಲಿ ಲೆಕ್ಕ ಕಲಿತ ವರ್ತಕನು ಇತರರಿಂದ ಮೋಸಹೋಗುವುದು ಕಡಿಮೆ. ತಾಯ್ನುಡಿಯಲ್ಲಿ ಲೆಕ್ಕ ಬಲ್ಲ ಗ್ರಾಹಕನಿಗೆ ವರ್ತಕನು ಮೋಸಮಾಡುವುದೂ ಸುಲಭವಲ್ಲ.

ಕಡತ, ಮಂಡಿ ಮತ್ತು ವಿಶ್ವಾಸ

ಗ್ರಂಥದಲ್ಲಿದ್ದ ವಿದ್ಯೆ ಬಳಕೆಗೆ ಬರುತ್ತಿದ್ದುದು ಅಂಗಡಿಯಲ್ಲಿ. ಮಲೆನಾಡಿನ ಈ ಭಾಗ ಬಹು ಹಿಂದಿನಿಂದಲೂ ವ್ಯಾಪಾರದ ನೆಲ. ಹೊಸನಗರ ತಾಲ್ಲೂಕಿನ ಹೊಂಬುಜವು ಸಾಂತರರ ರಾಜಧಾನಿಯಾಗಿತ್ತು. ಸಾಗರ ತಾಲ್ಲೂಕಿನ ಕಾನೂರು ಕೋಟೆಯೊಡನೆ ಹೆಸರು ಬೆಸೆದಿರುವ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯು 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳುತ್ತಿದ್ದಾಗ ಘಟ್ಟದ ಕಾಳುಮೆಣಸು ಕರಾವಳಿಯ ಬಂದರುಗಳ ಮೂಲಕ ಸಮುದ್ರ ದಾಟುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ಅನಂತರ ಕೆಳದಿಯ ಅರಸರ ಕಾಲದಲ್ಲಿ ಬಿದನೂರು ದೊಡ್ಡ ಪೇಟೆಯಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಹಣಕಾಸಿನ ಬೆನ್ನೆಲುಬಾದದ್ದು ಅಡಿಕೆ. ಬೆಳೆಗಾರರೇ ಕೂಡಿ ಮಾರಾಟ ಮಾಡುವ ಉದ್ದೇಶದಿಂದ ಶಿವಮೊಗ್ಗದಲ್ಲಿ ಮಾಮ್‌ಕೋಸ್ ಸಹಕಾರ ಸಂಘವು 1939ರಲ್ಲಿ ಸ್ಥಾಪನೆಯಾಯಿತು.

ಈ ವ್ಯಾಪಾರಕ್ಕೆ ಕಾಲೇಜು ಇರಲಿಲ್ಲ, ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಇಂದು ಸರಕಾರಿ ಕಚೇರಿಯ ಫೈಲಿಗೆ ಆ ಹೆಸರು ಉಳಿದಿದೆ. ಹುಡುಗನು ಮಂಡಿಯಲ್ಲಿ ಹಿರಿಯರ ಪಕ್ಕ ಕುಳಿತು ಮೊದಲು ತೂಕ ನೋಡಲು, ಆಮೇಲೆ ಮಾಲಿನ ದರ್ಜೆ ಗುರುತಿಸಲು, ಕಡೆಗೆ ಕಿರ್ದಿ ಖಾತೆ ಬರೆಯಲು ಕಲಿಯುತ್ತಿದ್ದನು. ಸಂಜೆಗೆ ಮುನ್ನ ಊಟ ಮುಗಿಸುವ, ಪರ್ವದಿನಗಳಲ್ಲಿ ಉಪವಾಸವಿರುವ, ಮುನಿಗಳ ಮುಂದೆ ಅಣುವ್ರತ ಸ್ವೀಕರಿಸುವ ಮನೆಯಲ್ಲೇ ಅವನು ವ್ಯಾಪಾರವನ್ನೂ ಕಲಿಯುತ್ತಿದ್ದುದರಿಂದ ಲೆಕ್ಕದ ಪಾಠ ಮತ್ತು ವ್ರತದ ಪಾಠಗಳು ಒಂದೇ ಸೂರಿನಡಿ ನಡೆಯುತ್ತಿದ್ದವು. ಆ ಕಾಲದವರೆಲ್ಲರೂ ಪ್ರಾಮಾಣಿಕರಾಗಿದ್ದರೆಂದು ಇದರ ಅರ್ಥವಲ್ಲ. ತಪ್ಪು ಮಾಡಿದವನಿಗೆ ತಾನು ಮುರಿದದ್ದು ಯಾವ ವ್ರತವನ್ನು ಎಂಬುದು ಗೊತ್ತಿರುತ್ತಿತ್ತು, ಅಷ್ಟೆ.

ವರ್ತಕನ ಇಂತಹ ಶಿಕ್ಷಣದ ಅಪೂರ್ವ ಚಿತ್ರವೊಂದು ಉತ್ತರ ಭಾರತದಿಂದ ದೊರೆಯುತ್ತದೆ. 1586ರಲ್ಲಿ ಜೌನಪುರದಲ್ಲಿ ಜನಿಸಿದ ಜೈನ ವರ್ತಕ ಬನಾರಸೀದಾಸರು ತಮ್ಮ ಜೀವನದ ಮೊದಲ 55 ವರ್ಷಗಳ ಕಥೆಯನ್ನು 1641ರಲ್ಲಿ ಅರ್ಧಕಥಾನಕ ಎಂಬ ಪದ್ಯಕೃತಿಯಾಗಿ ಬರೆದರು. ಬಾಲ್ಯದಲ್ಲೇ ಓದುಬರಹ, ಲೆಕ್ಕ ಕಲಿತಿದ್ದರೂ ಆಗ್ರಾದಲ್ಲಿ ತಂದೆಯ ಸರಕನ್ನು ಮಾರಲು ಹೋಗಿ ಅವರು ಎಲ್ಲವನ್ನೂ ಕಳೆದುಕೊಂಡರು. ತಮ್ಮಲ್ಲಿ ಹಣವಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದಾಗಲೂ ಕಚೋರಿ ಮಾರುವವನೊಬ್ಬನು ತಿಂಗಳುಗಟ್ಟಲೆ ಸಾಲದಲ್ಲಿ ಉಣಿಸಿದನು. ಕೈಗೆ ಹಣ ಬಂದಾಗ ಬನಾರಸೀದಾಸರು ಆ ಬಾಕಿಯನ್ನು ತೀರಿಸಿದರು. ಲೆಕ್ಕ ಬಲ್ಲವನೂ ನಷ್ಟಹೊಂದಬಹುದು. ಸತ್ಯ ನುಡಿದವನಿಗೆ ಮಾತ್ರ ನಷ್ಟದಲ್ಲಿಯೂ ಸಾಲ ಹುಟ್ಟುತ್ತದೆ.

ಪದವಿಯ ಪಠ್ಯಕ್ರಮ

ಮನೆ ಮತ್ತು ಮಂಡಿಯಿಂದ ವ್ಯಾಪಾರ ವಿದ್ಯೆಯು ಕಾಲೇಜಿಗೆ ಸಾಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಟೇಲರನ ವೈಜ್ಞಾನಿಕ ನಿರ್ವಹಣೆಯ ಗ್ರಂಥ 1911ರಲ್ಲಿಯೂ ಫೇಯೋಲನ 14 ನಿರ್ವಹಣಾ ತತ್ತ್ವಗಳು 1916ರಲ್ಲಿಯೂ ಬೆಳಕು ಕಂಡವು. ಮುಂಬಯಿಯ ಸಿಡನ್‌ಹ್ಯಾಂ ವಾಣಿಜ್ಯ ಕಾಲೇಜು 1913ರಲ್ಲಿ ಆರಂಭವಾಯಿತು. ಬೆಂಗಳೂರಿಗೆ ಭಾರತೀಯ ಪ್ರಬಂಧನ ಸಂಸ್ಥೆ ಬಂದದ್ದು 1973ರಲ್ಲಿ. ಕರ್ನಾಟಕದಲ್ಲಿ ವಾಣಿಜ್ಯ ಪದವಿಯ ಜೊತೆಗೆ ಬಿ.ಬಿ.ಎಂ. ಎಂಬ ಮೂರು ವರ್ಷಗಳ ಪದವಿಯೂ ಜನಪ್ರಿಯವಾಯಿತು. ಮುಂದೆ ಅದರ ಹೆಸರು ಬಿ.ಬಿ.ಎ. ಎಂದಾಯಿತು. ಈ ಕ್ಷೇತ್ರದಲ್ಲಿ ಜೈನ ಸಮಾಜದ ಪಾತ್ರ ಗಣನೀಯ. ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಗಳು ಮಂಗಳೂರಿನಲ್ಲಿ ವ್ಯವಹಾರ ನಿರ್ವಹಣೆಯ ಕಾಲೇಜನ್ನೂ, 1993ರಲ್ಲಿ ಮೈಸೂರಿನಲ್ಲಿ ಸ್ನಾತಕೋತ್ತರ ಸಂಸ್ಥೆಯನ್ನೂ ತೆರೆದವು. ಬೆಂಗಳೂರಿನಲ್ಲಿ ಭಗವಾನ್ ಮಹಾವೀರರ ಹೆಸರಿನ ಕಾಲೇಜು 1990ರಲ್ಲಿ ಆರಂಭವಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವು ಸ್ಥಾಪನೆಯಾದಾಗ ಸಾಗರ, ತೀರ್ಥಹಳ್ಳಿಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ವರದಹಳ್ಳಿಯಂತಹ ಹಳ್ಳಿಯ ಹುಡುಗ ಹುಡುಗಿಯರಿಗೂ ಪದವಿಯು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರವಾಯಿತು.

ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ವ್ಯತ್ಯಾಸಗಳಿದ್ದರೂ ಈ ಪದವಿಯ ಕಡ್ಡಾಯ ವಿಷಯಗಳ ಚೌಕಟ್ಟು ಹೆಚ್ಚುಕಡಿಮೆ ಒಂದೇ: ಭಾಷೆಗಳು, ನಿರ್ವಹಣಾ ತತ್ತ್ವಗಳು, ಹಣಕಾಸು ಲೆಕ್ಕಶಾಸ್ತ್ರ, ವೆಚ್ಚ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ವ್ಯವಹಾರ ಕಾನೂನು, ಆದಾಯ ತೆರಿಗೆ, ಮಾರುಕಟ್ಟೆ ನಿರ್ವಹಣೆ, ಮಾನವ ಸಂಪನ್ಮೂಲ ನಿರ್ವಹಣೆ, ಉದ್ಯಮಶೀಲತೆ, ಕೊನೆಗೆ ಯೋಜನಾ ವರದಿ. ಸರ್ವೋಚ್ಚ ನ್ಯಾಯಾಲಯದ 1991ರ ತೀರ್ಪಿನ ಫಲವಾಗಿ ಪರಿಸರ ಅಧ್ಯಯನವೂ ಎಲ್ಲ ಪದವಿಗಳಿಗೆ ಕಡ್ಡಾಯವಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ಕ್ರಮ ಬಂದಿತು. 2024-25ರಿಂದ ರಾಜ್ಯವು ಮೂರು ವರ್ಷಗಳ ಕ್ರಮಕ್ಕೆ ಮರಳಿತು. ಅದೇ ವರ್ಷ ಬಿ.ಬಿ.ಎ. ಪದವಿಯು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ವ್ಯಾಪ್ತಿಗೂ ಬಂದಿತು. ಕ್ರಮಗಳು ಹೀಗೆ ಬದಲಾದರೂ ವಿದ್ಯಾರ್ಥಿಯು ಕಲಿಯುವ ಮೂಲ ವಿಷಯಗಳು ಬದಲಾಗಿಲ್ಲ.

ಕೆಲವು ಕಡೆಗಳಲ್ಲಿ ವ್ಯವಹಾರ ನೀತಿಶಾಸ್ತ್ರಕ್ಕೂ ಒಂದು ಪತ್ರಿಕೆಯ ಸ್ಥಾನವಿದೆ. ಇದು ಸ್ವಾಗತಾರ್ಹ. ಆದರೆ ಆ ಪತ್ರಿಕೆಯಲ್ಲಿ ಉತ್ತೀರ್ಣನಾದ ವಿದ್ಯಾರ್ಥಿಯು ಮರುದಿನ ಲೆಕ್ಕಶಾಸ್ತ್ರದ ತರಗತಿಯಲ್ಲಿ ಕುಳಿತಾಗ ನೀತಿಯನ್ನು ಹಿಂದಿನ ಕೋಣೆಯಲ್ಲೇ ಬಿಟ್ಟುಬಂದಿದ್ದರೆ ಕಲಿಕೆಗೆ ಅರ್ಥವಿಲ್ಲ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಪುಸ್ತಕಗಳಲ್ಲಿ ಇಲ್ಲದ ಹಣವನ್ನು ಇದೆಯೆಂದು ತೋರಿಸಿದ್ದು ಬಯಲಾಯಿತು. ಆ ಸುಳ್ಳು ಲೆಕ್ಕವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರು ಲೆಕ್ಕ ಅರಿಯದವರಾಗಿರಲಿಲ್ಲ.

ಅತಿಚಾರಗಳೇ ಪಾಠ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೆಸರಿಸುತ್ತದೆ. ಅವುಗಳನ್ನು ಮೇಲಿನ ಪಠ್ಯಕ್ರಮದ ಪಕ್ಕದಲ್ಲಿಟ್ಟರೆ ಆಶ್ಚರ್ಯವಾಗುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು: ಸುಳ್ಳು ಪತ್ರ, ಸುಳ್ಳು ಲೆಕ್ಕ ಬರೆಯುವುದು. ಲೆಕ್ಕಶಾಸ್ತ್ರದ ತರಗತಿಗೆ ಸಲ್ಲುವ ಪಾಠವಿದು. ನಂಬಿ ಇಟ್ಟ ಒತ್ತೆಯಲ್ಲಿ ಸ್ವಲ್ಪವನ್ನಾದರೂ ತಾನಿಟ್ಟುಕೊಳ್ಳುವ ನ್ಯಾಸಾಪಹಾರವು ಬ್ಯಾಂಕು, ಸಹಕಾರ ಸಂಘ, ಟ್ರಸ್ಟುಗಳಿಗೆ ಅನ್ವಯಿಸುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ಕೊಡುವಾಗ ಕಡಿಮೆ ಕೊಳ್ಳುವಾಗ ಹೆಚ್ಚು ಅಳೆಯುವುದು, ಒಳ್ಳೆಯದರೊಡನೆ ಕೀಳನ್ನು ಬೆರೆಸಿ ಮಾರುವ ಪ್ರತಿರೂಪಕ ವ್ಯವಹಾರ ಸೇರಿವೆ. ತೆರಿಗೆ, ಕಾನೂನು, ಮಾರುಕಟ್ಟೆ ನಿರ್ವಹಣೆ ಮೂರಕ್ಕೂ ಇವು ಮೂಲಪಾಠಗಳು. ರಾಶಿ ಅಡಿಕೆಯ ಚೀಲದಲ್ಲಿ ಗೊರಬಲನ್ನು ಬೆರೆಸಿ ರಾಶಿಯ ದರಕ್ಕೆ ಮಾರುವುದು ಪ್ರತಿರೂಪಕ ವ್ಯವಹಾರವೇ ಎಂಬುದನ್ನು ಮಲೆನಾಡಿನ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಹಿಂಸಾಣುವ್ರತವೂ ವ್ಯವಹಾರದಿಂದ ದೂರವಿಲ್ಲ. ಅದರ ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬ ಎರಡಿವೆ: ಶಕ್ತಿಮೀರಿ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು. ಹೇರೆತ್ತಿಗೆ ಹೇಳಿದ ಈ ಮಾತು ಹಮಾಲಿಗೂ ಗುಮಾಸ್ತನಿಗೂ ಸಲ್ಲುತ್ತದೆ. ಕೂಲಿಯನ್ನು ತಡಮಾಡಿ ಕೊಡುವುದು ಅನ್ನವನ್ನು ತಡೆದಂತೆಯೇ. ಮಾನವ ಸಂಪನ್ಮೂಲ ನಿರ್ವಹಣೆಯ ಪಾಠವು ಇಲ್ಲಿಂದ ಆರಂಭವಾಗಬಹುದು. ಪರಿಗ್ರಹ ಪರಿಮಾಣವ್ರತವು ಇನ್ನೂ ಕಠಿಣವಾದ ಪ್ರಶ್ನೆಯನ್ನು ಕೇಳುತ್ತದೆ. ಲಾಭವನ್ನು ಹೆಚ್ಚಿಸುವ ಬಗೆಯನ್ನು ಪಠ್ಯಪುಸ್ತಕವು ಕಲಿಸುತ್ತದೆ. ಎಷ್ಟು ಸಾಕು ಎಂಬುದನ್ನು ಗಳಿಕೆಗೆ ಮುಂಚೆಯೇ ನಿಶ್ಚಯಿಸಿಕೊಳ್ಳಬೇಕೆಂದು ವ್ರತವು ಹೇಳುತ್ತದೆ. ವಿಶ್ವವಿದ್ಯಾಲಯದ ಯಾವ ಪತ್ರಿಕೆಯೂ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅದನ್ನು ಕೇಳಬೇಕಾದುದು ಮನೆ ಮತ್ತು ಬಸದಿ.

ಟ್ರಸ್ಟುಗಳ ಹೊಣೆ

ಹೊಂಬುಜದ ಪಂಚಕೂಟ ಬಸದಿಯನ್ನು ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದಳು. ಆ ಕಾಲದ ದಾನಶಾಸನಗಳನ್ನು ಓದಿದರೆ ಕೊಟ್ಟವರು ಯಾರು, ಕೊಟ್ಟದ್ದು ಏನು, ಭೂಮಿಯ ಎಲ್ಲೆ ಯಾವುದು, ಪೂಜೆ, ಜೀರ್ಣೋದ್ಧಾರ, ಮುನಿಗಳ ಆಹಾರದಾನ ಮೊದಲಾದವುಗಳಲ್ಲಿ ದಾನವು ಯಾವುದಕ್ಕೆ ಸಲ್ಲಬೇಕು ಎಂಬ ವಿವರಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಊರಿನ ಎಲ್ಲರೂ ನೋಡುವಂತೆ ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ ಲೆಕ್ಕವದು. ಹೀಗೆ ದಾನದ ವಿವರವನ್ನು ಬಹಿರಂಗಪಡಿಸಿದ ಪರಂಪರೆಯ ಉತ್ತರಾಧಿಕಾರಿಗಳಾದ ಇಂದಿನ ಟ್ರಸ್ಟುಗಳಲ್ಲಿ ಜಮಾಖರ್ಚಿನ ಪುಸ್ತಕವು ಬೀರುವಿನಲ್ಲಿಯೇ ಉಳಿಯುವುದು ಶೋಭೆಯಲ್ಲ. ನಿರ್ಮಾಲ್ಯ ದ್ರವ್ಯವನ್ನು ಮುಟ್ಟಬಾರದೆಂಬ ಭಯವು ಹಿರಿಯರಲ್ಲಿದ್ದಂತೆ ಟ್ರಸ್ಟಿನ ಹಣದ ವಿಷಯದಲ್ಲಿಯೂ ಇರಬೇಕು.

ಈ ಪದವಿಯ ವಿದ್ಯಾರ್ಥಿಗಳು ಇಲ್ಲಿ ನೆರವಾಗಬಲ್ಲರು. ಅಂತಿಮ ವರ್ಷದ ಯೋಜನಾ ವರದಿಗೆ ವಿಷಯ ಹುಡುಕುವ ಯುವಕ ಯುವತಿಯರಿಗೆ ಬಸದಿಯ ಆದಾಯ ವೆಚ್ಚ, ತೋಟದ ಉತ್ಪನ್ನ, ಪಾತ್ರೆ ಆಭರಣಗಳ ದಾಸ್ತಾನು, ದುರಸ್ತಿಯ ಅಂದಾಜು ಇವುಗಳ ಅಧ್ಯಯನಕ್ಕೆ ಟ್ರಸ್ಟುಗಳು ಅವಕಾಶ ಕೊಡಬಹುದು. ವಿದ್ಯಾರ್ಥಿವೇತನ ಪಡೆಯುವವರಿಗೆ ಬೇಸಿಗೆ ರಜೆಯಲ್ಲಿ ಅಣುವ್ರತಗಳ ಅತಿಚಾರಗಳನ್ನು ಅವರ ಪಠ್ಯವಿಷಯಗಳೊಡನೆ ಹೊಂದಿಸಿ ಕಲಿಸುವ ಏರ್ಪಾಡು ಮಾಡಬಹುದು. ವಾರ್ಷಿಕ ಸಭೆಯಲ್ಲಿ ಲೆಕ್ಕವನ್ನು ಓದುವ ಕೆಲಸವನ್ನು ಅವರಿಗೇ ವಹಿಸಬಹುದು. ಇದರಿಂದ ವಿದ್ಯಾರ್ಥಿಗೆ ಅನುಭವವೂ ಟ್ರಸ್ಟಿಗೆ ಶುದ್ಧವಾದ ಲೆಕ್ಕವೂ ಲಭಿಸುವುವು.

ಮಹಾವೀರಾಚಾರ್ಯರು ಜಿನವಂದನೆಯಿಂದ ಆರಂಭಿಸಿ ಬಡ್ಡಿಯ ಲೆಕ್ಕದವರೆಗೆ ಸಾಗಿದರು. ಅವರಿಗೆ ಅವೆರಡೂ ಒಂದೇ ಗ್ರಂಥದಲ್ಲಿ ಇರತಕ್ಕ ವಿಷಯಗಳಾಗಿದ್ದವು. ಪದವಿ ಪಡೆದು ಬರುವ ಮಕ್ಕಳಿಗೆ ಬಡ್ಡಿಯ ಲೆಕ್ಕವನ್ನು ವಿಶ್ವವಿದ್ಯಾಲಯವು ಕಲಿಸಿಕೊಡುತ್ತದೆ. ಗ್ರಂಥದ ಮೊದಲ ಪುಟವನ್ನು ಕಲಿಸುವ ಭಾರ ಸಮಾಜದ್ದು.