ಗೂಡಿನ ಅಂಚಿನ ಮೊಟ್ಟೆ

ಬಟಾಣಿ ಗಿಡದ ಎತ್ತರ, ಹೂವಿನ ಬಣ್ಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದುಬರುತ್ತವೆ ಎಂಬುದನ್ನು ಮೆಂಡೆಲನ ಪಾಠದಲ್ಲಿ ಓದಿದ್ದೀರಿ. ಹಕ್ಕಿಯ ನಡವಳಿಕೆಯೂ ಹಾಗೆಯೇ ಇಳಿದುಬರಬಲ್ಲದೇ? ಬರಬಲ್ಲದು ಎಂದು ತೋರಿಸಿಕೊಟ್ಟದ್ದು ನ್ಯೂಜಿಲೆಂಡಿನಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದ ಚಾಥಮ್ ದ್ವೀಪಗಳ ಕಪ್ಪು ರಾಬಿನ್, ಗುಬ್ಬಚ್ಚಿ ಗಾತ್ರದ ಪುಟ್ಟ ಹಕ್ಕಿ.

ಹಡಗುಗಳೊಡನೆ ಬಂದ ಇಲಿ, ಬೆಕ್ಕುಗಳ ಹಾವಳಿಯಿಂದ ಈ ಹಕ್ಕಿಗೆ ಕೊನೆಗೆ ಉಳಿದ ನೆಲೆ ಲಿಟಲ್ ಮಾಂಗೆರೆ ಎಂಬ ಬಂಡೆಯಂಥ ದ್ವೀಪ. 1976ರ ವೇಳೆಗೆ ಏಳೇ ಹಕ್ಕಿಗಳಿದ್ದವು. ಡಾನ್ ಮರ್ಟನ್ ಮತ್ತು ಸಂಗಡಿಗರು ಅವನ್ನು ಹಿಡಿದು ಪಕ್ಕದ ಮಾಂಗೆರೆ ದ್ವೀಪಕ್ಕೆ ಸಾಗಿಸಿದರು. ಆದರೂ 1980ರಲ್ಲಿ ಉಳಿದವು ಐದು. ಮರಿ ಮಾಡುತ್ತಿದ್ದುದು ಒಂದೇ ಜೋಡಿ: ಕಾಲಿಗೆ ತೊಡಿಸಿದ ಪಟ್ಟಿಯ ಬಣ್ಣದಿಂದ ಹೆಸರು ಪಡೆದ ‘ಓಲ್ಡ್ ಬ್ಲೂ’ ಮತ್ತು ‘ಓಲ್ಡ್ ಯೆಲ್ಲೊ’. ಇಂದಿನ ಕಪ್ಪು ರಾಬಿನ್‌ಗಳೆಲ್ಲವೂ ಆ ದಂಪತಿಯ ಸಂತಾನವೇ.

ಮರ್ಟನ್ ತಂಡ ಹೂಡಿದ ಉಪಾಯ ನಮ್ಮ ಕೋಗಿಲೆಯದೇ ಎನ್ನಬಹುದು. ರಾಬಿನ್ ಇಟ್ಟ ಮೊಟ್ಟೆಗಳನ್ನು ತೆಗೆದು ಟಿಟ್ ಎಂಬ ಬಂಧುಪಕ್ಷಿಯ ಗೂಡಿಗೆ ಸೇರಿಸುವುದು; ತಾಯಿ ಮತ್ತೆ ಮೊಟ್ಟೆ ಇಡುತ್ತದೆ.

ಸಂತತಿ ಹೆಚ್ಚುತ್ತಿದ್ದಂತೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕೆಲವು ಹೆಣ್ಣುಗಳು ಗೂಡಿನ ಕುಳಿಯಲ್ಲಿ ಇಡದೆ ಅಂಚಿನ ಮೇಲೆ ಮೊಟ್ಟೆ ಇಡುತ್ತಿದ್ದವು. ಅಲ್ಲೇ ಬಿಟ್ಟ ಮೊಟ್ಟೆ ಒಂದೂ ಮರಿಯಾಗಲಿಲ್ಲ. ಪ್ರತಿ ಮೊಟ್ಟೆಯೂ ಅಮೂಲ್ಯವಾಗಿದ್ದ ಕಾಲವದು. ನೀವಿದ್ದರೆ ಏನು ಮಾಡುತ್ತಿದ್ದಿರಿ? ಅವರೂ ಅದನ್ನೇ ಮಾಡಿದರು. ಮೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಸರಿಸಿದರು. ಮರಿಗಳು ಹೊರಬಂದವು, ಸಂಖ್ಯೆ ಬೇಗ ಬೇಗ ಏರಿತು. ಆದರೆ 1989ರ ವೇಳೆಗೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಗಳು ಅಂಚಿನಲ್ಲೇ ಮೊಟ್ಟೆ ಇಡತೊಡಗಿದ್ದವು!

ಕಾರಣ ಸರಳ. ನಿಸರ್ಗದಲ್ಲಿ ಅಂಥ ತಾಯಿಯ ಗುಣ ಮೊಟ್ಟೆಯೊಡನೆಯೇ ಅಳಿಯುತ್ತದೆ. ಮನುಷ್ಯನ ಕೈ ಅದನ್ನು ಉಳಿಸಿ ಮುಂದಿನ ಪೀಳಿಗೆಗೆ ದಾಟಿಸಿತ್ತು. ಅವರನ್ನು ದೂರುವುದು ನನ್ನ ಮಟ್ಟಿಗೆ ಅನ್ಯಾಯ. ಹಾಗೆ ಮಾಡದಿದ್ದರೆ ಸಂತತಿ ಅಷ್ಟು ಬೇಗ ಚೇತರಿಸಿಕೊಳ್ಳುತ್ತಿರಲಿಲ್ಲ. ಇನ್ನೂ ಕಠಿಣವಾದದ್ದು ಮುಂದಿನ ನಿರ್ಧಾರ: ಕಣ್ಣೆದುರಿಗೆ ಮೊಟ್ಟೆ ಹಾಳಾಗುತ್ತಿದ್ದರೂ ಮುಟ್ಟದಿರುವುದು. ಕೈ ಹಿಂದೆಗೆದ ಮೇಲೆ ಈ ಅಭ್ಯಾಸ ಇಳಿಯುತ್ತ ಬಂದು, 2011ರಲ್ಲಿ ಶೇಕಡ 9ಕ್ಕೆ ತಗ್ಗಿತ್ತು.

ಇಡೀ ಪ್ರಭೇದದ ವಂಶಾವಳಿಯೇ ಬರೆದಿಟ್ಟದ್ದಿತ್ತು. ಅದನ್ನು ಜಾಲಾಡಿದ ವಿಜ್ಞಾನಿಗಳು 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ಇದು ಮೆಂಡೆಲನ ಪ್ರಬಲ ಗುಣದಂತೆ ಹರಿಯುತ್ತದೆ. ತಂದೆ ಅಥವಾ ತಾಯಿ, ಯಾರೊಬ್ಬರಿಂದ ಜೀನ್ ಬಂದರೂ ಸಾಕು. ಗಂಡು ಮೊಟ್ಟೆ ಇಡುವುದಿಲ್ಲ, ನಿಜ. ಮಗಳಿಗೆ ಮಾತ್ರ ಆ ಗುಣವನ್ನು ಕೊಡಬಲ್ಲದು! ಹಕ್ಕಿಗಳೆಲ್ಲವೂ ಈ ಜೀನಿನ ಎರಡೆರಡು ಪ್ರತಿ ಹೊತ್ತಿದ್ದರೆ, ಮನುಷ್ಯನ ನೆರವಿಲ್ಲದೆ ಸಂತಾನವೇ ಸಾಗದ ಸ್ಥಿತಿ ಬರಬಹುದಿತ್ತು.

ಈ ರಾಬಿನ್‌ಗಳು ಪಂಜರದವಲ್ಲ. ಪಂಜರದಲ್ಲಿ ಸಾಕುವ ಅಪರೂಪದ ಹಕ್ಕಿಗಳ ವಿಷಯದಲ್ಲಿ ಚಿಂತೆ ಇನ್ನೂ ಹೆಚ್ಚು. ಅಲ್ಲಿ ಕಾವಿಗೆ ಯಂತ್ರವಿದೆ, ಹದ್ದಿನ ಭಯವಿಲ್ಲ. ಕಾವು ಕೂರದ ತಾಯಿಯ ಮರಿಯೂ ಬೆಳೆಯುತ್ತದೆ, ಎಚ್ಚರವಿಲ್ಲದ ಹಕ್ಕಿಯೂ ಬದುಕುತ್ತದೆ.

ಕಪ್ಪು ರಾಬಿನ್‌ಗಳ ಸಂಖ್ಯೆ ಈಗ ಇನ್ನೂರನ್ನು ದಾಟಿದೆ. ಅವುಗಳ ಮೊಟ್ಟೆ ಸರಿಸುವ ಕೆಲಸ ನಿಂತು ಮೂರು ದಶಕಗಳೇ ಕಳೆದಿವೆ.